ಬೀರುವಿನಲ್ಲಿದ್ದ ತಮಟೆ

ಪ್ರತಿ ತಿಂಗಳ ಐದನೆಯ ತಾರೀಖು ಮಳವಳ್ಳಿಯ ದನದ ಆಸ್ಪತ್ರೆಯಲ್ಲಿ ಸಿದ್ದರಾಜುವಿನ ತಲೆ ಕೆಡುತ್ತಿತ್ತು. ಸುತ್ತಲಿನ ಅರವತ್ತನಾಲ್ಕು ಹಳ್ಳಿಗಳ ಪಟೇಲರು ಕಳಿಸಿದ ಜಾನುವಾರು ರೋಗದ ನಮೂನೆಗಳು ಅಂದು ಸೆಣಬಿನ ದಾರದಲ್ಲಿ ಕಟ್ಟಿಸಿಕೊಂಡು ಅವನ ಮೇಜಿಗೆ ಬರುತ್ತಿದ್ದವು. ಊರಿನಲ್ಲಿರುವ ಒಟ್ಟು ದನಗಳೆಷ್ಟು, ಕಾಯಿಲೆ ಬಿದ್ದವೆಷ್ಟು, ಸತ್ತವೆಷ್ಟು, ಕಾಯಿಲೆಯ ಲಕ್ಷಣವೇನು, ಸುದ್ದಿ ತಿಳಿದದ್ದು ಯಾರಿಂದ ಎಂದು ಅಂಕಣಗಳಿದ್ದವು. ಒಟ್ಟು ದನಗಳ ಲೆಕ್ಕ ಬಿಟ್ಟರೆ ಉಳಿದದ್ದಕ್ಕೆಲ್ಲ ಉತ್ತರ ಒಂದೇ: 'ಇಲ್ಲ'. ೧೯೪೩ರ ನವೆಂಬರಿನ ಕಟ್ಟನ್ನು ಬಿಚ್ಚಿದಾಗ ಒಬ್ಬ ಪಟೇಲ ಒಟ್ಟು ದನಗಳ ಅಂಕಣದಲ್ಲೂ 'ಇಲ್ಲ' ಎಂದೇ ಬರೆದಿದ್ದ. ಆ ಹಾಳೆಯನ್ನು ಆಸ್ಪತ್ರೆಗೆ ತಲುಪಿಸಲು ಅವನು ಬಂದದ್ದು ಹಳ್ಳಿಕಾರ್ ಎತ್ತಿನ ಜೋಡಿ ಕಟ್ಟಿದ ಗಾಡಿಯಲ್ಲಿ. ಇನ್ನೊಬ್ಬ, ಪದೇ ಪದೇ ತೊಂದರೆ ಬೇಡವೆಂದು, ನವೆಂಬರಿನ ಜೊತೆಗೆ ಡಿಸೆಂಬರ್, ಜನವರಿಗಳ ನಮೂನೆಗಳನ್ನೂ ಸಹಿ ಹಾಕಿ ಕಳಿಸಿಬಿಟ್ಟಿದ್ದ. ಮುಂದಿನ ಎರಡು ತಿಂಗಳು ಆ ಊರಿನಲ್ಲಿ ಒಂದು ದನಕ್ಕೂ ಕೆಮ್ಮು ಕೂಡ ಬರುವುದಿಲ್ಲವೆಂದು ಅವನಿಗೆ ಖಾತರಿಯಿತ್ತು.

ಸಿದ್ದರಾಜು ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ. ಸಾಬರ ಅಂಗಡಿಯಿಂದ ಚಹಾ ತಂದ ಜವಾನ ಬಾಗಿಲಲ್ಲೇ ನಿಂತು, ಸಾಹೇಬರ ಮುಖ ನೋಡಿ, ಲೋಟವನ್ನು ಕಿಟಕಿಯ ಮೇಲಿಟ್ಟು ಸರಿದುಕೊಂಡ.

ಸಿದ್ದರಾಜು ಹುಟ್ಟಿದ್ದು ಯಲಿಯೂರಿನಲ್ಲಿ, ರೈಲು ಹಳಿಯ ಪಕ್ಕದ ಒಕ್ಕಲು ಮನೆಯಲ್ಲಿ. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಕೊಟ್ಟಿಗೆಯ ಐದು ದನಗಳು ಒಂದೇ ವಾರದಲ್ಲಿ ಸತ್ತವು. ಮೊದಲು ಕಣ್ಣಿನಿಂದ ನೀರು, ಆಮೇಲೆ ಬಾಯಿಯ ಹುಣ್ಣು, ಕೊನೆಗೆ ತಡೆಯಲಾಗದ ಭೇದಿ. ಆ ವಾಸನೆಗೆ ಸಿಗ್ನಲ್ಲಿನಲ್ಲಿ ನಿಂತ ರೈಲಿನ ಜನ ಮೂಗಿಗೆ ಸೆರಗು, ಪಂಚೆ ಒತ್ತಿಕೊಂಡದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕಿಂತ ಆಳವಾಗಿ ನಾಟಿದ್ದು ಸೋದರಮಾವನ ಒಂದು ಮಾತು. ಆ ಮಾವ ಹದಿನೈದು ದಿನ ಮುಂಚೆ ಪಕ್ಕದೂರಿನ ಮದುವೆಗೆ ಹೋಗಿದ್ದ. ಅಲ್ಲಿ ದನಗಳು ಹೀಗೇ ಸಾಯುತ್ತಿದ್ದುದನ್ನು ಕಂಡಿದ್ದ. ಉಂಡು, ವೀಳ್ಯ ಹಾಕಿಕೊಂಡು ಮನೆಗೆ ಬಂದಿದ್ದ. ಯಾಕೆ ಹೇಳಲಿಲ್ಲ ಎಂದು ಅಪ್ಪ ಕೂಗಾಡಿದಾಗ ಅವನು ಅಂದದ್ದು ಇಷ್ಟೇ: "ನೀವು ಯಾರೂ ಕೇಳ್ಲಿಲ್ವಲ್ಲ ಭಾವ."

ಮಂಡ್ಯದಲ್ಲಿ ಓದಿ, ಬೆಂಗಳೂರಿನಲ್ಲಿ ದನದ ವೈದ್ಯ ಕಲಿತು, ೧೯೩೮ರಲ್ಲಿ ಮಳವಳ್ಳಿಗೆ ಇನ್ಸ್‌ಪೆಕ್ಟರಾಗಿ ಬಂದಮೇಲೆ ಸಿದ್ದರಾಜು ಮಾಡಿದ್ದೆಲ್ಲ ಒಂದು ಲೆಕ್ಕದಲ್ಲಿ ಕೇಳುವ ಕೆಲಸವೇ. ಅಂದು ಕೊಟ್ಟಿಗೆಯನ್ನು ಬರಿದು ಮಾಡಿದ ದೊಡ್ಡರೋಗದ ಬಗ್ಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿದ್ದ ಅವನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಈ ರೋಗಕ್ಕೆ ಸ್ವಂತ ಕಾಲಿಲ್ಲ. ಅದು ಯಾವಾಗಲೂ ಬೇರೆಯವರ ಕಾಲಿನಲ್ಲೇ ನಡೆಯಬೇಕು. ಆ ಕಾಲು ಇವತ್ತು ಯಾವ ಊರಿನಲ್ಲಿದೆ ಎಂದು ಗೊತ್ತಾದರೆ ಮುಂದಿನ ಊರನ್ನು ಉಳಿಸಬಹುದು. ಗೊತ್ತಾಗದಿದ್ದರೆ ಔಷಧಿ ಎಷ್ಟಿದ್ದರೂ ಅದು ಹಿಂದಿನ ಊರಿಗೇ ತಲುಪುತ್ತದೆ.

ಅವನು ಉಳಿಸಲೇಬೇಕೆಂದು ಹಟ ತೊಟ್ಟಿದ್ದ ಊರು ಅತ್ತಿತಿಟ್ಟು. ಕಾವೇರಿಯ ನಡುವೆ, ಎರಡು ಕವಲುಗಳ ಮಧ್ಯೆ, ಇಪ್ಪತ್ತೆಂಟು ಮನೆ, ನೂರ ನಲವತ್ತಮೂರು ದನ. ಅವನ ಅಕ್ಕ ಚಿಕ್ಕಬೋರಮ್ಮನನ್ನು ಕೊಟ್ಟದ್ದು ಅಲ್ಲಿಗೇ. ದೂರದ ಸಮುದ್ರಗಳಲ್ಲಿರುವ ಪುಟ್ಟ ದ್ವೀಪದೇಶಗಳು ಹಡಗಿನಿಂದಿಳಿಯುವ ಪ್ರತಿ ದನವನ್ನೂ ತಡೆದು, ನೋಡಿ, ರೋಗವನ್ನು ದಡದಲ್ಲೇ ನಿಲ್ಲಿಸುತ್ತವೆಂದು ಅವನು ಒಂದು ಹಳೆಯ ಪತ್ರಿಕೆಯಲ್ಲಿ ಓದಿದ್ದ. ಸುತ್ತ ನೀರಿದ್ದ ಮೇಲೆ ಇಲ್ಲೇಕೆ ಆಗಬಾರದು? ಆ ದ್ವೀಪಗಳಿಗೆ ಒಂದೋ ಎರಡೋ ಬಂದರು, ಅತ್ತಿತಿಟ್ಟಿಗೆ ಹರಿಗೋಲು ಇರುವಷ್ಟೂ ಬಂದರು ಎಂಬುದು ಅವನಿಗೂ ಗೊತ್ತಿತ್ತು. ಆದರೂ ತಾಲ್ಲೂಕಿನಲ್ಲಿ ಗೆಲ್ಲಬಹುದಾದ ಊರು ಅದೊಂದೇ ಎನಿಸಿತ್ತು.

ಗೆಲ್ಲಲು ಇದ್ದ ಆಯುಧ ಬೆಂಗಳೂರಿನಿಂದ ಬರುವ ಮೇಕೆ ರಕ್ತದ ಲಸಿಕೆ. ಅದಕ್ಕೆ ನೂರೆಂಟು ಕಟ್ಟಳೆ. ಮಂಜುಗಡ್ಡೆಯಲ್ಲಿಟ್ಟರೆ ನಾಲ್ಕೈದು ದಿನ ಬಾಳುತ್ತದೆ, ಆಮೇಲೆ ಕೆಟ್ಟ ನೀರು. ಯುದ್ಧದ ಕಾಲವಾದ್ದರಿಂದ ಇಡೀ ವರ್ಷಕ್ಕೆ ಒಂದೇ ಬಾರಿ, ನೂರೈವತ್ತು ದನಕ್ಕೆ ಆಗುವಷ್ಟು ಕೊಡುವುದೆಂದು ಮೇಲಿನಿಂದ ಬರೆದಿದ್ದರು. ಬೇಗ ತರಿಸಿದರೆ ರೋಗ ಬರುವುದರೊಳಗೆ ಹಾಳು, ತಡವಾಗಿ ತರಿಸಿದರೆ ದನ ಹಾಳು. ರೋಗ ಹೊಳೆಯಿಂದ ಎಷ್ಟು ದೂರದಲ್ಲಿದೆ ಎಂಬ ಒಂದು ಪ್ರಶ್ನೆಯ ಮೇಲೆ ಆ ನೂರ ನಲವತ್ತಮೂರು ಜೀವ ನಿಂತಿತ್ತು. ಅದಕ್ಕೆ ಉತ್ತರ ಕೊಡಬೇಕಾದ ಅರವತ್ತನಾಲ್ಕು ಹಾಳೆಗಳೂ 'ಇಲ್ಲ' ಎನ್ನುತ್ತಿದ್ದವು.

ನಮೂನೆಗಳು ಬಂದ ಮರುವಾರ, ಒಂದು ಶುಕ್ರವಾರ, ಹೋರಿಗಳಿಗೆ ಬೀಜ ಒಡೆಯಲೆಂದು ಸಿದ್ದರಾಜು ಸೈಕಲ್ ತುಳಿದುಕೊಂಡು ಬನ್ನಿಕೊಪ್ಪಲಿಗೆ ಹೋದ. ಪಟೇಲ ನಿಂಗಯ್ಯನ ಕೊಟ್ಟಿಗೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ಹನ್ನೊಂದು ಗೂಟ, ಏಳು ದನ. ನಾಲ್ಕು ಗೂಟಗಳಲ್ಲಿ ಹಗ್ಗ ಮಾತ್ರ ಜೋತಾಡುತ್ತಿತ್ತು.

"ನಿಂಗಯ್ಯನೋರೇ, ಈ ನಾಲ್ಕು ದನ ಎಲ್ಲಿ?"

"ಓದವು," ಎಂದ ನಿಂಗಯ್ಯ, ಎಲೆಗೆ ಸುಣ್ಣ ಸವರುತ್ತ.

"ಹೋದವು ಅಂದ್ರೆ? ಸಂತೆಗೋ?"

"ಸತ್ತೋದವು ಅಂತ ಬಾಯ್ಬುಟ್ಟು ಏಳ್ಬೇಕಾ? ಕೂತ್ಕಳಿ ಡಾಕ್ಟ್ರೇ, ಮಜ್ಜಿಗೆ ಕುಡೀರಿ. ಬಿಸ್ಲಲ್ಲಿ ಬಂದಿದ್ದೀರಿ."

"ಮಜ್ಜಿಗೆ ಹಾಳಾಗ್ಲಿ. ಮೊನ್ನೆ ಬುಧವಾರ ಇನ್ನೊಂದು ನಮೂನೆ ತರಿಸಿಕೊಂಡ್ನಲ್ಲ, ಅದರಲ್ಲೂ ಇಲ್ಲ ಅಂತಾನೆ ಬರೆದಿದ್ದೀರಲ್ರೀ! ನಿಮ್ಮ ಸ್ವಂತ ಕೊಟ್ಟಿಗೇಲೇ ನಾಲ್ಕು ಸತ್ತಿದ್ದಾವೆ!"

ನಿಂಗಯ್ಯನ ಮುಖದಲ್ಲಿ ಸುಳ್ಳು ಸಿಕ್ಕಿಬಿದ್ದವನ ಕಳೆ ಒಂದಿಷ್ಟೂ ಇರಲಿಲ್ಲ. ತಿಳಿಯದವನಿಗೆ ತಿಳಿಹೇಳುವ ತಾಳ್ಮೆಯಿತ್ತು. "ಬರೀವಾಗ ಇರ್ಲಿಲ್ಲ ಕಣ್ರೀ. ಸೋಮವಾರ ಅಮ್ಮನ್ನ ಗಡಿ ದಾಟಿಸಿದ್ವಿ. ಬುಧವಾರ ಕಾಗದ ಬರೆದ್ವಿ. ಕಳಿಸಿಕೊಟ್ಟ ಮೇಲೂ ಅವ್ಳು ನಮ್ಮೂರಲ್ಲೇ ಅವ್ಳೆ ಅಂತ ಸರ್ಕಾರದ ಕಾಗದದಲ್ಲಿ ಬರೆದ್ರೆ, ವಾಪಸ್ ಕರೆದಂಗಾಗಕಿಲ್ವಾ?"

ಸಿದ್ದರಾಜುವಿಗೆ ಆ ಪದ್ಧತಿ ಗೊತ್ತಿತ್ತು. ದನಕ್ಕೆ ದೊಡ್ಡರೋಗ ಬಂದ ಊರಿನವರು ಒಂದು ಮೊರದಲ್ಲಿ ಮಣ್ಣಿನ ಅಮ್ಮನನ್ನಿಟ್ಟು, ಬಳೆ, ಅರಿಸಿನ, ಬೇವು, ಹಳೆಯ ಪೊರಕೆ ಇಟ್ಟು, ಕಾಯಿಲೆಯ ಕೊಟ್ಟಿಗೆಯಿಂದಲೇ ಒಂದು ಕರುವನ್ನು ಜೊತೆ ಮಾಡಿ, ತಮಟೆಯೊಂದಿಗೆ ಊರಿನ ಗಡಿಯಾಚೆ ಬಿಟ್ಟು ಬರುತ್ತಾರೆ. ಪಕ್ಕದೂರಿನವರು ಆ ಅಮ್ಮನಿಗೆ ಪೂಜೆ ಮಾಡಿ ತಮ್ಮಾಚೆಯ ಗಡಿಗೆ ಸಾಗಿಸುತ್ತಾರೆ. ಹೀಗೆ ಊರಿಂದೂರಿಗೆ ನಡೆದು ಕೊನೆಗೆ ಹೊಳೆ. ಮೊರದ ಜೊತೆ ಹೋಗುವ ಕರುವೇ ರೋಗದ ಕಾಲು ಎಂದು ಸಿದ್ದರಾಜು ಬಂದ ವರ್ಷವೇ ಕಂಡುಕೊಂಡಿದ್ದ. ಒಮ್ಮೆ ಕರುವನ್ನು ಅಡ್ಡಗಟ್ಟಿ ಹಿಡಿದದ್ದೂ ಉಂಟು. ಜನ ಮರುದಿನ ಇನ್ನೊಂದು ಕರುವನ್ನು ಕಳಿಸಿದ್ದರು. ಕೊನೆಗೆ ಬೇಸತ್ತು, ಹೋದ ವರ್ಷ, ಆರು ಪುಟದ ಕಾಗದ ಬರೆದು ಮೆರವಣಿಗೆಗೂ ತಮಟೆಗೂ ನಿಷೇಧದ ಆಜ್ಞೆ ತರಿಸಿದ್ದ.

"ಈ ಸಲ ತಮಟೆ ಸದ್ದೇ ಕೇಳ್ಲಿಲ್ಲ," ಎಂದ ಸಿದ್ದರಾಜು, ತನಗೆ ತಾನೇ ಎಂಬಂತೆ.

"ನಿಲ್ಸಿದೋರು ಯಾರು? ನೀವೇ ಅಲ್ವಾ? ಈಗ ಮಟಮಟ ಮಧ್ಯಾಹ್ನ, ಊರು ಉಂಡು ಒರಗಿರುವಾಗ, ಇಬ್ರು ಎತ್ಕಂಡೋಗಿ ಬುಟ್ಟು ಬತ್ತಾರೆ. ಮೊದ್ಲಂಗೆ ಮಂಗಳವಾರ, ಶುಕ್ರವಾರ ಅಂತ ಕಾಯಂಗಿಲ್ಲ. ಕದ್ದು ಮಾಡೋ ಕೆಲ್ಸಕ್ಕೆ ವಾರ ಯಾಕೆ ಯೋಳಿ?"

ಮಳವಳ್ಳಿಗೆ ಹಿಂದಿರುಗಿದ ಸಿದ್ದರಾಜು ತನ್ನ ಹಳೆಯ ದಿನಚರಿ ತೆಗೆದ. ನಲವತ್ತೊಂದರಲ್ಲಿ ಈ ರೋಗ ಬಂದಾಗ ಅವನು ಅಲ್ಲಲ್ಲಿ ಗೀಚಿಟ್ಟಿದ್ದ ಗೊಣಗಾಟಗಳಿದ್ದವು: 'ಮಂಗಳವಾರ. ಮೂಡಲ ದಿಕ್ಕಿನಲ್ಲಿ ಸಂಜೆಯಿಡೀ ತಮಟೆ. ಓದಲಾಗಲಿಲ್ಲ.' 'ಶುಕ್ರವಾರ. ಮತ್ತೆ ಅದೇ ಗಲಾಟೆ, ಈಗ ತೆಂಕಣಕ್ಕೆ.' ಇಂಥವು ಹದಿನಾಲ್ಕು. ಆ ವರ್ಷದ ಸಾವಿನ ಪಟ್ಟಿಯನ್ನು ಪಕ್ಕದಲ್ಲಿಟ್ಟು, ಊರು, ದಿಕ್ಕು, ದಿನ ಹೊಂದಿಸುತ್ತ ಹೋದ. ಹದಿನಾಲ್ಕರಲ್ಲಿ ಎರಡು ಮದುವೆಯ ತಮಟೆ. ಉಳಿದ ಹನ್ನೆರಡೂ ದೊಡ್ಡರೋಗದ ಊರುಗಳೇ. ಒಂದೊಂದೂ ಪಟೇಲರ ವರದಿಗಿಂತ ಮೂರು ವಾರ ಮುಂಚೆ.

ಅವನು ಪೆನ್ಸಿಲು ಕೆಳಗಿಟ್ಟ. ಒಂದು ಸಲದ ಲೆಕ್ಕ ಪುರಾವೆಯಾಗುವುದಿಲ್ಲವೆಂದು ಓದಿದ ಬುದ್ಧಿ ಎಚ್ಚರಿಸಿತು. ಆದರೆ ಅರವತ್ತನಾಲ್ಕು ಪಟೇಲರ ಸಹಿಗೆ ಹೋಲಿಸಿದರೆ ಈ ಪುರಾವೆ ಬಂಗಾರ. ಐದು ವರ್ಷ ಸುದ್ದಿಗಾಗಿ ಎಲ್ಲರ ಮನೆಯ ಬಾಗಿಲು ತಟ್ಟಿದವನ ಕಿವಿಗೇ ಸುದ್ದಿ ಬಂದು ಬಡಿಯುತ್ತಿತ್ತು. ತಾನು ಕಿವಿ ಮುಚ್ಚಿಕೊಂಡದ್ದಲ್ಲದೆ ಆಜ್ಞೆ ತರಿಸಿ ಅದರ ಬಾಯಿಯನ್ನೂ ಮುಚ್ಚಿಸಿದ್ದ. ರೋಗ ನಿಂತಿತೇ? ಇಲ್ಲ. ಕರು ಮೊದಲಿನಂತೆಯೇ ನಡೆಯುತ್ತಿದೆ, ಮೊದಲಿಗಿಂತ ಬೇಗ ನಡೆಯುತ್ತಿದೆ. ನಿಂತದ್ದು ಸದ್ದು ಮಾತ್ರ. ಆಜ್ಞೆಯ ಬೆನ್ನಲ್ಲೇ ಅವನು ಜಪ್ತಿ ಮಾಡಿಸಿದ್ದ ತಮಟೆ ಇನ್ನೂ ಅವನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು, ಕೊರಳಿಗೆ 'ಸಾಕ್ಷ್ಯ' ಎಂಬ ಚೀಟಿ ಕಟ್ಟಿಸಿಕೊಂಡು, ಫಿನಾಯಿಲ್ ಡಬ್ಬಗಳ ನಡುವೆ.

ತಮಟೆಯ ಒಡೆಯ ಹುಚ್ಚೀರಯ್ಯ. ಮಳವಳ್ಳಿಯ ಹೊರಗಿನ ಕೇರಿಯಲ್ಲಿ ಮನೆ. ಅರವತ್ತರ ಹತ್ತಿರದ ವಯಸ್ಸು. ಸುತ್ತಲ ಊರುಗಳಲ್ಲಿ ಅಮ್ಮನ ಮುಂದೆ ತಮಟೆ ಬಾರಿಸುವುದು ಅವನ ಮನೆತನಕ್ಕೆ ವಂಶದಿಂದ ಬಂದ ಬಾಬು. ಸತ್ತ ದನವನ್ನು ಸಾಗಿಸಿ ತೊಗಲು ಸುಲಿಯುವುದೂ ಅವನ, ಅವನ ಬೀಗರ, ಅಣ್ಣತಮ್ಮಂದಿರ ಕೆಲಸ. ಶನಿವಾರ ಬೆಳಗ್ಗೆ ಸಿದ್ದರಾಜು ಅಲ್ಲಿಗೆ ಹೋದಾಗ ಅವನು ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ.

"ಏನ್ ಬುದ್ದಿ, ಕೇರಿ ಕಡೆ ಸವಾರಿ? ನನ್ ತಮಟೆ ಬೀರುವಲ್ಲಿ ಮರಿ ಗಿರಿ ಆಕ್ತಾ?"

"ಹುಚ್ಚೀರಯ್ಯ, ತಮಾಷೆ ಆಮೇಲೆ. ಈ ಸಲ ಅಮ್ಮ ಎಲ್ಲಿಂದ ಹೊರಟಳು, ಗೊತ್ತಾ?"

"ಗೊತ್ತಿಲ್ದೆ ಏನು? ಗೆಜ್ಜಲಗೆರೆಯಿಂದ. ಕಬ್ಬಿನ ಗಾಡಿ ಎಳ್ಕಂಡು ಮಂಡ್ಯದ ಫ್ಯಾಕ್ಟ್ರಿಗೆ ಓಗಿದ್ದ ಎತ್ತು ತಂದ್ವು. ಆಮೇಲೆ ವೈದ್ಯನಾಥಪುರ. ಆಮೇಲೆ ಇಂಗೇ ಇಳ್ಕಂಡು ಬಂದು ಬನ್ನಿಕೊಪ್ಲು. ಈಗ ಉಣಸೆಹಟ್ಟಿ ಗಡೀಲಿ ಅವ್ಳೆ. ಅಲ್ಲಿಂದ ಕಲ್ಲಾರೆ, ಕಲ್ಲಾರೆಯಿಂದ ಮಡುವಿನಕೊಪ್ಲು, ಅಲ್ಲಿಂದ ಒಳೆ."

ಅರವತ್ತನಾಲ್ಕು ನಮೂನೆಗಳು ಹೇಳದ್ದನ್ನು ಮುದುಕ ಹಗ್ಗದ ಒಂದು ಎಳೆ ಹೊಸೆಯುವಷ್ಟರಲ್ಲಿ ಹೇಳಿ ಮುಗಿಸಿದ್ದ.

"ಅದು ದೊಡ್ಡರೋಗವೇ ಅಂತ ಹೇಗೆ ಹೇಳ್ತೀಯ? ಬೇರೆ ಬೇನೆ ಇದ್ರೆ?"

ಹುಚ್ಚೀರಯ್ಯ ಅವನನ್ನು ಕನಿಕರದಿಂದ ನೋಡಿದ. "ಒಟ್ಟೆ ಕುಯ್ದು ನೋಡಿದೋನ್ಗೆ ಗೊತ್ತಾಗಕಿಲ್ವಾ ಬುದ್ದಿ? ದೊಡ್ಡಕರುಳಿನ ಕೊನೇಲಿ, ಒಳಮೈಗೆ, ಉಲಿ ಮೈಮೇಲಿದ್ದಂಗೆ ಕೆಂಪು ಪಟ್ಟೆ. ಬೇರೆ ಬೇನೇಲಿ ಅದು ಬರಾಕಿಲ್ಲ."

ಸಿದ್ದರಾಜುವಿನ ಪಠ್ಯಪುಸ್ತಕದಲ್ಲಿ ಆ ಪಟ್ಟೆಗಳ ಬಗ್ಗೆ ನಾಲ್ಕು ಸಾಲಿತ್ತು. ಅವನು ಅದನ್ನು ಕಣ್ಣಾರೆ ಕಂಡದ್ದು ಎರಡು ಸಲ. ಎದುರಿಗೆ ಕೂತಿದ್ದವನು ಇನ್ನೂರು ಸಲ ಕಂಡಿದ್ದಿರಬೇಕು. ಸಿಟ್ಟು ತನ್ನ ಮೇಲೋ ಅವನ ಮೇಲೋ ತಿಳಿಯದೆ ಅವನು ದನಿ ಏರಿಸಿದ: "ಇಷ್ಟೆಲ್ಲ ಗೊತ್ತಿದ್ದು ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲಯ್ಯಾ?"

"ನೀವು ಕೇಳ್ಲಿಲ್ವಲ್ಲ ಬುದ್ದಿ."

 ಸಿದ್ದರಾಜು ಜಗುಲಿಯ ಅಂಚಿನಲ್ಲಿ ಕುಳಿತು ಬೆರಳು ಮಡಿಸತೊಡಗಿದ. ಹೊಳೆಗೆ ಉಳಿದದ್ದು ಮೂರು ಗಡಿ. ಈಗಿನಂತೆ ಕದ್ದುಮುಚ್ಚಿ ಸಾಗಿಸಿದರೆ ಮೂರೇ ದಿನದಲ್ಲಿ ಕರು ಅತ್ತಿತಿಟ್ಟಿನಲ್ಲಿರಬಹುದು. ಲಸಿಕೆ ಬರಲು ಐದಾರು ದಿನವಾದರೂ ಬೇಕು. ಚುಚ್ಚಿದ ಮೇಲೆ ಅದು ಮೈಗೆ ಹಿಡಿಯಲು ಮತ್ತೆ ನಾಲ್ಕು ದಿನ.

"ಹುಚ್ಚೀರಯ್ಯ, ನೀನು ತಮಟೆ ಬಾರಿಸಿದ್ರೆ ವಾರಕ್ಕೆ ಕಾಯ್ತಾರಾ?"

"ಕಾಯ್ದೆ ಇನ್ನೇನ್ ಮಾಡಾರು? ತಮಟೆ ಮುಂದಿದ್ರೆ ಅಮ್ಮ ಮೆರೆದಂಗೆ. ಮೆರೆಯೋಳ್ನ ವಾರ ಬುಟ್ಟು ಎಬ್ಬಿಸಿದ್ರೆ ಊರಿಗೇ ಕೇಡು. ಉಣಸೆಹಟ್ಟಿ ಮಂಗಳವಾರ ಬುಡ್ತಾರೆ. ಕಲ್ಲಾರೆ ಶುಕ್ರವಾರ. ಮಡುವಿನಕೊಪ್ಲು ಮುಂದಿನ್ ಮಂಗಳವಾರ. ಒಂದು ದಿನ ಇಂದಿಲ್ಲ, ಮುಂದಿಲ್ಲ."

ಹತ್ತು ದಿನ. ಮದ್ದೂರಿನಿಂದ ಮಳವಳ್ಳಿಗೆ ಬರುವ ಬಸ್ಸಿಗೂ ಇಷ್ಟು ಖಚಿತವಾದ ವೇಳಾಪಟ್ಟಿ ಇರಲಿಲ್ಲ.

"ಹಾಗಾದ್ರೆ ಬಾರಿಸು."

"ಏನ್ ಬಾರಿಸ್ಲಿ, ಕಯ್ಯಾ? ತಮಟೆ ನಿಮ್ ಬೀರುವಲ್ಲಿ. ಬಾರಿಸಬಾರ್ದು ಅನ್ನೋ ಕಾಗದ ನಿಮ್ಮದು. ಅವತ್ತು ದಫೇದಾರನ್ನ ಕರ್ಕಂಬಂದೋರು ನೀವು. ನಾಳೆ ಇಡ್ಕಂಡ್ರೆ ಲಾಕಪ್ಪಿಗೆ ಯಾರು ಓಯ್ತಾರೆ, ನೀವೋ ನಾನೋ?"

ಆಸ್ಪತ್ರೆಗೆ ಅವನನ್ನು ಕರೆದೊಯ್ದು ಸಿದ್ದರಾಜು ಬೀರು ತೆರೆದ. ಚೀಟಿ ಹರಿದು ತಮಟೆಯನ್ನು ಕೈಗೆ ಕೊಟ್ಟ. ಆಮೇಲೆ ಸರ್ಕಾರದ ಕಾಗದದ ಮೇಲೆ ಬರೆದ: 'ದನಗಳ ರೋಗ ಪತ್ತೆಗಾಗಿ ಈ ತಮಟೆಯನ್ನು ಬಾರಿಸಲು ನಾನೇ ಹೇಳಿರುತ್ತೇನೆ. ತಪ್ಪಿದ್ದರೆ ನನ್ನದು.' ಸಹಿ ಹಾಕಿ, ಮೊಹರು ಒತ್ತಿದ. ತಾನೇ ತರಿಸಿದ ಆಜ್ಞೆಯನ್ನು ತಾನೇ ಮುರಿದ ಇನ್ಸ್‌ಪೆಕ್ಟರ್ ಎಂದು ಕೆಲಸ ಹೋದರೆ ಹೋಗಲಿ ಎಂದುಕೊಂಡ. ಹುಚ್ಚೀರಯ್ಯ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿ, ಮಡಿಚಿ, ರುಮಾಲಿನೊಳಗೆ ಸಿಕ್ಕಿಸಿಕೊಂಡ. "ತೊಗಲು ಸಡ್ಲ ಬಿದ್ದೈತೆ, ಬೆಂಕಿ ಕಾಯಿಸ್ಬೇಕು. ಫಿನಾಯ್ಲು ವಾಸನೆಗೆ ಅಮ್ಮ ಮೂಗು ಮುಚ್ಕಂಡಾಳು."

ಭಾನುವಾರ ಇಬ್ಬರೂ ಹುಣಸೆಹಟ್ಟಿಯ ಹೊರವಲಯದಲ್ಲಿ ಆಗತಾನೇ ಸತ್ತ ಒಂದು ಎತ್ತನ್ನು ಕೊಯ್ದು ನೋಡಿದರು. ಕರುಳಿನ ಒಳಮೈಯಲ್ಲಿ ಪಟ್ಟೆಗಳು ಸಾಲಾಗಿದ್ದವು. ಆ ಸಂಜೆಯೇ ಸಿದ್ದರಾಜು ತಂತಿ ಬರೆದ: 'ದೊಡ್ಡರೋಗ ಖಚಿತ. ಸ್ವತಃ ನೋಡಿದ್ದೇನೆ. ಲಸಿಕೆ ಕೂಡಲೆ ಕಳಿಸಿ.' ಸೋಮವಾರ ಬಂದ ಮರುತಂತಿ, ಸಂಬಂಧಪಟ್ಟ ಪಟೇಲರ ವರದಿ ಎಲ್ಲಿ ಎಂದು ಕೇಳಿತ್ತು. ಅದನ್ನು ಓದಿ ಅವನು ಅಂಚೆ ಕಚೇರಿಯ ಗೋಡೆಗೆ ಒಮ್ಮೆ ಹಣೆ ಒತ್ತಿ ನಿಂತ. ಆಮೇಲೆ ಎರಡನೆಯ ತಂತಿ ಕೊಟ್ಟ, ಅದಕ್ಕೂ ಉತ್ತರ ಬಾರದೆ ಮೂರನೆಯದನ್ನು ಕೊಟ್ಟ. ಗುರುವಾರದ ರೈಲಿಗೆ ಲಸಿಕೆ ಬರುತ್ತದೆಂದು ಬುಧವಾರ ತಿಳಿಯಿತು. ಅಷ್ಟರಲ್ಲಿ ಮಂಗಳವಾರ ಸಂಜೆ, ಹುಣಸೆಹಟ್ಟಿಯ ದಿಕ್ಕಿನಿಂದ, ಒಂದು ವರ್ಷದ ಮೇಲೆ ಮೊದಲ ಬಾರಿಗೆ ತಮಟೆ ಕೇಳಿಸಿತ್ತು. ಆಸ್ಪತ್ರೆಯ ಜಗುಲಿಯಲ್ಲಿ ನಿಂತು ಅವನು ದಿನಚರಿಯಲ್ಲಿ ದಿಕ್ಕನ್ನೂ ಗಂಟೆಯನ್ನೂ ಬರೆದುಕೊಂಡ.

ಗುರುವಾರ ಬೆಳಗಿನ ರೈಲು ಮದ್ದೂರಿಗೆ ಬಂದಾಗ ಸಂಜೆ ನಾಲ್ಕು. ಸೈನ್ಯದ ಗಾಡಿಗಳಿಗೆ ದಾರಿ ಬಿಟ್ಟು ಬಿಟ್ಟು ಬಂದಿತ್ತಂತೆ. ಮರದ ಪೆಟ್ಟಿಗೆಯೊಳಗೆ ಹೊಟ್ಟು, ಹೊಟ್ಟಿನೊಳಗೆ ಫ್ಲಾಸ್ಕು, ಫ್ಲಾಸ್ಕಿನಲ್ಲಿ ಅರ್ಧ ಕರಗಿದ ಮಂಜುಗಡ್ಡೆ. ಮಳವಳ್ಳಿಯ ಇದ್ದಿಲು ಗ್ಯಾಸಿನ ಬಸ್ಸು ನಿಲ್ದಾಣದಲ್ಲಿ ಹೊಗೆಯುಗುಳುತ್ತ ನಿಂತಿತ್ತು. ಕ್ಲೀನರು ಹಿಂಬದಿಯ ಒಲೆಗೆ ಗಾಳಿ ತಿರುಗಿಸುತ್ತಿದ್ದ.

"ಯಾವಾಗಪ್ಪ ಹೊರಡೋದು?"

"ಗ್ಯಾಸು ಕಟ್ಟಿದ್ಮೇಲೆ ಸಾರ್."

"ಯಾವಾಗ ಕಟ್ತದೆ?"

"ಕಟ್ಟಿದಾಗ ಸಾರ್. ಇದ್ದಿಲು ಅಸಿ ಐತೆ."

ಸಿದ್ದರಾಜು ಬಸ್ಸಿನ ಮೇಲೆ ಹಾಕಿದ್ದ ತನ್ನ ಸೈಕಲ್ಲನ್ನು ಇಳಿಸಿಕೊಂಡ. ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿ, ಒದ್ದೆ ಗೋಣಿ ಹೊದಿಸಿ, ದಾರಿಯುದ್ದಕ್ಕೂ ಸಿಕ್ಕ ಕಾಲುವೆಗಳಲ್ಲಿ ಗೋಣಿಯನ್ನು ಅದ್ದಿಕೊಳ್ಳುತ್ತ ಹದಿನಾಲ್ಕು ಮೈಲಿ ತುಳಿದ. ಬಸ್ಸು ಅವನನ್ನು ಎಲ್ಲಿಯೂ ಹಿಂದೆ ಹಾಕಲಿಲ್ಲ.

ಶುಕ್ರವಾರ ಮುಂಜಾನೆ ಹರಿಗೋಲಿನಲ್ಲಿ ಅತ್ತಿತಿಟ್ಟಿಗೆ ಇಳಿದಾಗ ಅಕ್ಕ ಚಿಕ್ಕಬೋರಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು.

"ಲೇ ಸಿದ್ದ, ಇವತ್ತು ಶುಕ್ರವಾರ ಕಣ್ಲಾ. ಯಾರಾದ್ರೂ ದನದ ಮೈಗೆ ಸೂಜಿ ಚುಚ್ತಾರಾ?"

"ನಿಮ್ಮ ಮೊರದಮ್ಮ ಶುಕ್ರವಾರ ನಡೀಬೌದು, ನನ್ನ ಸೂಜಿ ನಡೀಬಾರ್ದಾ?"

"ನಾಲ್ಗೆ ಬಿಗಿ ಇಡ್ಕೊ! ಇವನು ಉಟ್ಟಿದ್ದೇ ವಾದ ಮಾಡಕ್ಕೆ ಕಣಮ್ಮ," ಎಂದು ಪಕ್ಕದ ಮನೆಯ ಅಂಕಮ್ಮನಿಗೆ ದೂರಿದಳು. ಆದರೂ ಮೊದಲು ತನ್ನ ಮನೆಯ ಎತ್ತುಗಳನ್ನೇ ಎಳೆದು ತಂದಳು. ಅದನ್ನು ಕಂಡು ಉಳಿದವರೂ ತಂದರು. ಚುಚ್ಚಿದ ಪ್ರತಿ ದನಕ್ಕೂ ಸಿದ್ದರಾಜು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆಯೆಳೆದ. ಹೊತ್ತು ಇಳಿಯುವ ಹೊತ್ತಿಗೆ ಗೆರೆಗಳು ನೂರ ನಲವತ್ತೆರಡು. ಪಟ್ಟಿಯಲ್ಲಿ ಒಂದು ಹೆಚ್ಚಿತ್ತು: ಅಕ್ಕನ ಕೆಂದ ಹಸು.

"ಅಕ್ಕ, ಕೆಂದ ಎಲ್ಲಿ? ಇನ್ನೂ ಯಾವ್ದಾದ್ರೂ ಉಳ್ಕೊಂಡೈತಾ?"

"ಇಲ್ಲ ಕಣ್ಲಾ. ಕೆಂದನ್ನ ಅವತ್ತೇ ಆಚೆ ದಡಕ್ಕೆ ಕೊಟ್ಬುಟ್ವಿ. ಬಾ, ಉಣ್ಣು. ಮುಖ ನೋಡು, ಬಾಡಿದ ಬದನೇಕಾಯಿ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವನು ಎದ್ದುಹೋಗಿ ಕೊಟ್ಟಿಗೆ ನೋಡಿ ಬರುತ್ತಿದ್ದ. ಹೇಳಿದವಳು ಅಕ್ಕ, ಮೈ ಸೋತಿತ್ತು, ತಟ್ಟೆಯಲ್ಲಿ ಬಿಸಿ ಮುದ್ದೆಯಿತ್ತು. ಪಟ್ಟಿಯಲ್ಲಿ ಕೆಂದನ ಮುಂದೆ ತನ್ನ ಕೈಯಾರೆ 'ಇಲ್ಲ' ಎಂದು ಬರೆದುಕೊಂಡ. ಉಣ್ಣುತ್ತಿದ್ದಾಗಲೇ ಆಚೆ ದಡದ ಮಡುವಿನಕೊಪ್ಪಲಿನಿಂದ ತಮಟೆ ಕೇಳಿಸಿತು. ಕಲ್ಲಾರೆಯವರು ಅಮ್ಮನನ್ನು ತಂದು ಬಿಟ್ಟಿದ್ದರು. ಹೇಳಿದ ದಿನಕ್ಕೆ, ಹೇಳಿದ ಜಾಗಕ್ಕೆ.

ಆ ರಾತ್ರಿ ಅಕ್ಕನ ಮನೆಯಲ್ಲೇ ಉಳಿದವನು ಅನಂತರವೂ ಮಳವಳ್ಳಿಗೆ ಹೋಗಲಿಲ್ಲ. ಸೋಮವಾರದ ಹೊತ್ತಿಗೆ ಚುಚ್ಚಿಸಿಕೊಂಡ ದನಗಳಿಗೆ ಜ್ವರ ಬಂತು. ಲಸಿಕೆ ಹಿಡಿದದ್ದಕ್ಕೆ ಅದೇ ಗುರುತು ಎಂದು ಅವನು ಮನೆಮನೆಗೂ ಹೋಗಿ ಹೇಳಿದ. ಮೇವು ಬಿಟ್ಟು ನಿಂತ ಎತ್ತುಗಳ ಒಡೆಯರಿಗೆ ಅದು ರುಚಿಸಲಿಲ್ಲ. "ಅಮ್ಮ ಬರೋಕೆ ಮುಂಚೆ ಇವ್ನೇ ತಂದ," ಎಂದು ಅಂಕಮ್ಮ ಅವನಿಗೆ ಕೇಳುವಂತೆಯೇ ಹೇಳಿದಳು. ಅಕ್ಕನ ಗಂಡ ಅವನೊಡನೆ ಮಾತು ಬಿಟ್ಟ.

ಮಂಗಳವಾರ ಸಂಜೆ ಆಚೆ ದಡದಲ್ಲಿ ಜನ ಕೂಡಿದರು. ಹುಚ್ಚೀರಯ್ಯನ ತಮಟೆ ನೀರಿನ ಮೇಲೆ ಹಾದು ಬಂತು. ಬಾಳೆದಿಂಡಿನ ತೆಪ್ಪದ ಮೇಲೆ ಮೊರ, ತೆಪ್ಪಕ್ಕೆ ಕಟ್ಟಿದ ಕರು. ಹರಿವು ಎಂದಿನಂತೆ ಅದನ್ನು ತಂದು ತಿಟ್ಟಿನ ಮೂತಿಗೆ ಸಿಕ್ಕಿಸಿತು. ಅತ್ತಿತಿಟ್ಟಿನವರು ಕೈಮುಗಿದು, ಪೂಜೆ ಮಾಡಿ, ಮೊರವನ್ನು ಕೆಳಕವಲಿಗೆ ಬಿಟ್ಟರು. ನೆನೆದು ನಡುಗುತ್ತಿದ್ದ ಕರುವಿನ ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಸಿದ್ದರಾಜು ಅದನ್ನು ಬೇರೆ ಕಟ್ಟಿಸಿದ. ಅಷ್ಟರಲ್ಲಿ ಅದು ದಂಡೆಯ ಮೇವಿಗೆ ಬಾಯಿ ಹಾಕಿತ್ತು; ಹತ್ತಾರು ಕೈ ಅದರ ಮೈ ಸವರಿತ್ತು. ಮೂರನೆಯ ದಿನ ಅದು ಸತ್ತಿತು.

ಆಮೇಲೆ ಕಾಯುವುದೊಂದೇ ಕೆಲಸ. ಒಂದು ವಾರ ಕಳೆಯಿತು. ಚುಚ್ಚಿದ ದನಗಳ ಜ್ವರ ಇಳಿದು, ಒಂದೊಂದಾಗಿ ಮೇವು ಹಿಡಿದವು. ಮಡುವಿನಕೊಪ್ಪಲಿನಲ್ಲಿ ಮೂವತ್ತು ಸತ್ತವೆಂದು ಹರಿಗೋಲಿನವನು ಹೇಳಿದ. ತಿಟ್ಟಿನಲ್ಲಿ ಒಂದೂ ಇಲ್ಲ. ಅಂಕಮ್ಮ ಒಂದು ಗಿಂಡಿ ಹಾಲು ತಂದು ಕೊಟ್ಟಳು. ಸಿದ್ದರಾಜು ಹೊರಡಲು ಚೀಲ ಕಟ್ಟುತ್ತಿದ್ದಾಗ ಕಬ್ಬಿನ ಗದ್ದೆಯ ಕಡೆಯಿಂದ ಪರಿಚಿತವಾದ ಒಂದು ವಾಸನೆ ಬಂತು. ಯಲಿಯೂರಿನ ರೈಲು ಹಳಿಯ ಪಕ್ಕದ ವಾಸನೆ. ಅವನು ಚೀಲವನ್ನು ಅಲ್ಲೇ ಬಿಟ್ಟು ನಡೆದ.

ಕಬ್ಬಿನ ನಡುವೆ ಸೋಗೆ ಹೊದಿಸಿದ ಮರೆಯಲ್ಲಿ ಕೆಂದ ಮಲಗಿತ್ತು. ತುಂಬು ಗಬ್ಬ. ಬಾಯೆಲ್ಲ ಹುಣ್ಣು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಬೋರಮ್ಮ ಗಂಜಿ ಕುಡಿಸಲು ನೋಡುತ್ತಿದ್ದಳು. ಅವನನ್ನು ಕಂಡು ಅವಳು ಮುಖ ಮುಚ್ಚಿಕೊಳ್ಳಲಿಲ್ಲ.

"ಸೂಜಿ ಚುಚ್ಚಿದ್ರೆ ಗಬ್ಬದ ಅಸು ಕಂದು ಆಕ್ತದೆ, ಗಬ್ಬ ನಿಲ್ಲಾಕಿಲ್ಲ ಅಂದ್ರು ಕಣ್ಲಾ."

"ನಾನು ಕೇಳ್ಲಿಲ್ವಾ ಅಕ್ಕ?"

"ನೀನ್ ಕೇಳ್ದೆ. ನಾನೇ ಇಲ್ಲ ಅಂದೆ."

ಕೂಗಾಡಲು ಅವನ ಬಳಿ ಐದು ವರ್ಷದ ಮಾತು ಕೂಡಿತ್ತು.  ಅವಳ ಕೈಯಿಂದ ಗಂಜಿಯ ಲೋಟ ತೆಗೆದುಕೊಂಡು ಅವನೂ ಕುಳಿತ. ಹಸು ಮರುದಿನ ಬೆಳಗ್ಗೆ ಸತ್ತಿತು.

ಅದನ್ನು ಸಾಗಿಸಲು ಹುಚ್ಚೀರಯ್ಯ ಹರಿಗೋಲಿನಲ್ಲಿ ಬಂದ, ಹೆಗಲಿಗೆ ತಮಟೆ ಹಾಕಿಕೊಂಡೇ. ಕೊಯ್ದು, ಕರುಳಿನ ಪಟ್ಟೆಗಳನ್ನು ತೋರಿಸಿದ. ಸಿದ್ದರಾಜು ತಲೆಯಾಡಿಸಿ ಮರದ ಕೆಳಗೆ ಕುಳಿತು ಅತ್ತಿತಿಟ್ಟಿನ ನಮೂನೆ ತೆಗೆದ. ಒಟ್ಟು ದನ ನೂರ ನಲವತ್ತಮೂರು. ಕಾಯಿಲೆ ಬಿದ್ದದ್ದು ಒಂದು. ಸತ್ತದ್ದು ಒಂದು. ಆಸ್ಪತ್ರೆಯ ಕಡತದಲ್ಲಿ ಆ ಅಂಕಣಗಳಲ್ಲಿ ಹೊತ್ತಿಗೆ ಸರಿಯಾಗಿ ಅಂಕಿ ಬಿದ್ದ ಮೊದಲ ಹಾಳೆ ಅದು. ಸುದ್ದಿ ತಿಳಿದದ್ದು ಯಾರಿಂದ ಎಂಬಲ್ಲಿ ಪೆನ್ನು ಸ್ವಲ್ಪ ನಿಂತಿತು. 'ತಮಟೆಯ ಹುಚ್ಚೀರಯ್ಯ' ಎಂದು ಬರೆದ. ಪಟೇಲರ ವರದಿ ಯಾಕೆ ಲಗತ್ತಿಸಿಲ್ಲ ಎಂದು ಮೇಲಿನಿಂದ ಮತ್ತೆ ಕೇಳುತ್ತಾರೆ. ಆಜ್ಞೆ ಮೀರಿದ್ದಕ್ಕೆ ಸಮಜಾಯಿಷಿ ಕೇಳುವುದೂ ಖಂಡಿತ. ಕೇಳಲಿ.

ಕೈ ತೊಳೆದು ಬಂದ ಹುಚ್ಚೀರಯ್ಯ ತಮಟೆಯನ್ನು ಅವನ ಮುಂದೆ ಇಟ್ಟ. "ತಕ್ಕಳಿ ಬುದ್ದಿ, ನಿಮ್ ಬೀರು ಸಾಮಾನು. ಕಾಗದಾನೂ ಐತೆ, ರುಮಾಲಲ್ಲಿ."

"ತಮಟೆ ನಿನ್ನದು, ತಗೊಂಡೋಗು. ಕಾಗದಾನೂ ಇಟ್ಕೋ. ಇನ್ನು ಮುಂದೆ ನಾನು ಕೇಳದೇ ಇದ್ರೂ ನೀನೇ ಬಂದು ಹೇಳ್ಬೇಕು, ಆಯ್ತಾ?"

"ನಾನ್ಯಾಕ್ ಬರ್ಲಿ ಅಷ್ಟು ದೂರ, ಮಂಡಿ ನೋವು," ಎಂದ ಮುದುಕ, ತಮಟೆಯನ್ನು ಹೆಗಲಿಗೇರಿಸಿಕೊಳ್ಳುತ್ತ. "ಇಲ್ಲಿಂದಾನೇ ಬಾರಿಸ್ತೀನಿ. ನೀವು ಬೈಕೊಳ್ದೆ ಕೂತು ಕೇಳಿ."